ಹಿಮದ ಪೋಸ್ಟಿನಲ್ಲಿ ಮೂರು ‘ಎಂತ’

ಸೈನ್ಯದಲ್ಲಿದ್ದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಕಾಶ್ಮೀರದ ಬಗ್ಗೆ. ಕಾಶ್ಮೀರವನ್ನು ನೋಡಿಯೇ ಇಲ್ಲ ಎಂದರೆ ಅವರ ಮುಖ ಬಾಡುತ್ತದೆ. ಉಡುಪಿಯ ಬನ್ನಂಜೆಯ ಕ್ಷೌರದಂಗಡಿಯಲ್ಲಿ ಒಬ್ಬರು, “ಹಾಗಾದರೆ ಇಷ್ಟು ವರ್ಷ ಅಲ್ಲಿ ಎಂತ ಮಾಡಿದ್ದು ಮಾರಾಯ್ರೇ?” ಎಂದು ಕೇಳಿಯೇ ಬಿಟ್ಟರು.

“ಲಾರಿ ಓಡಿಸಿದ್ದು” ಎಂದೆ.

ಅದು ನಿಜ. ರಾಜಸ್ಥಾನದ ಮರಳಿನಲ್ಲಿ, ಅಸ್ಸಾಮಿನ ಕೆಸರಿನಲ್ಲಿ, ಪುಣೆಯ ಟ್ರಾಫಿಕ್ಕಿನಲ್ಲಿ ಅಕ್ಕಿ, ಬೇಳೆ, ಡೀಸೆಲ್, ಕಂಬಳಿ ತುಂಬಿದ ಲಾರಿ ಓಡಿಸಿದ್ದೇನೆ. ಗುಂಡು ಹಾರಿಸಿದ್ದು ಅಭ್ಯಾಸದ ಮೈದಾನದಲ್ಲಿ ಮಾತ್ರ. ಆದರೆ ಒಂದು ಚಳಿಗಾಲವನ್ನು ಬೇರೆಯವರ ಯುದ್ಧದ ಅಂಚಿನಲ್ಲಿ, ಬೇರೆ ದೇಶದ ಬೆಟ್ಟದ ಮೇಲೆ ಕಳೆದೆ. ಅದನ್ನು ಹೇಳಲು ಹೊರಟರೆ ಕ್ಷೌರದಂಗಡಿಯಲ್ಲಿ ನನ್ನ ಸರದಿ ಮುಗಿದುಹೋಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಸಿರಿಯಾಕ್ಕೂ ಅದರ ನೆರೆಯ ದೇಶಕ್ಕೂ ನಡುವೆ ಒಂದು ಉದ್ದನೆಯ ಪಟ್ಟಿ ಉಂಟು. ಬಹಳ ಹಿಂದೆ ಆ ಎರಡು ದೇಶಗಳು ಹೊಡೆದಾಡಿಕೊಂಡು, ಕೊನೆಗೆ ಕದನ ನಿಲ್ಲಿಸಿ, ಆ ಪಟ್ಟಿಯೊಳಗೆ ಯಾರ ಸೈನ್ಯವೂ ಬರಬಾರದು ಎಂದು ಒಪ್ಪಿಕೊಂಡಿದ್ದವು. ಅದನ್ನು ಕಾಯಲು ಹಲವು ದೇಶಗಳ ಸೈನಿಕರು ಶಾಂತಿಪಾಲನೆಯ ನೀಲಿ ಟೊಪ್ಪಿ ಹಾಕಿಕೊಂಡು ಅಲ್ಲಿ ನಿಂತಿರುತ್ತಾರೆ. ಅವರಿಗೆ ಊಟ, ನೀರು, ಇಂಧನ ಮುಟ್ಟಿಸುವುದು ನಮ್ಮ ದೇಶದ ತುಕಡಿಯ ಕೆಲಸವಾಗಿತ್ತು. ನಾನು ಹೋದಾಗ ಆ ಹಳೆಯ ಜಗಳ ತಣ್ಣಗಿತ್ತು. ಹೊಸತು ಹೊತ್ತಿಕೊಂಡದ್ದು ಸಿರಿಯಾದ ಒಳಗೆ. ಅಲ್ಲಿನ ಜನ ತಮ್ಮತಮ್ಮೊಳಗೇ ಹೊಡೆದಾಡುತ್ತಿದ್ದರು. ನಮ್ಮದು ಆ ಅಂತರ್ಯುದ್ಧವನ್ನು ನಿಲ್ಲಿಸುವ ಕೆಲಸವೂ ಅಲ್ಲ, ಸೇರುವ ಕೆಲಸವೂ ಅಲ್ಲ. ಅದು ಕಣ್ಣೆದುರು, ಕಿವಿಗೆ ಬೀಳುವ ದೂರದಲ್ಲಿ ನಡೆಯುತ್ತಿತ್ತು, ಅಷ್ಟೇ.

ಆ ಸದ್ದು ನನಗೆ ಹೊಸದಾಗಿರಲಿಲ್ಲ. ನನ್ನ ಊರು ಕಾರ್ಕಳದ ಹತ್ತಿರ. ನಮ್ಮ ಗದ್ದೆಯ ಆಚೆ ಕಪ್ಪುಕಲ್ಲಿನ ಕೋರೆ. ಅಲ್ಲಿ ಮದ್ದು ಸಿಡಿಸುವ ಸದ್ದು ಕೇಳಿಕೊಂಡೇ ದೊಡ್ಡವನಾದದ್ದು. ಆದರೆ ಕೋರೆಯಲ್ಲಿ ಸಿಡಿಸುವ ಮೊದಲು ಒಬ್ಬ ಸೀಟಿ ಊದುತ್ತಾನೆ. ದನಗಳೂ ಆ ಸೀಟಿಗೆ ತಲೆ ಎತ್ತುತ್ತವೆ. ಸಿರಿಯಾಕ್ಕೆ ಹೋದ ಮೊದಲ ವಾರವಿಡೀ ಪ್ರತಿ ಸ್ಫೋಟದ ನಂತರ, ‘ಸೀಟಿ ಕೇಳಲೇ ಇಲ್ಲವಲ್ಲ’ ಎಂದು ನನ್ನ ಮನಸ್ಸು ಸುಮ್ಮನೆ ಹುಡುಕುತ್ತಿತ್ತು.

ನಮ್ಮ ದೊಡ್ಡ ಕ್ಯಾಂಪಿನಲ್ಲಿ ಬಿಳಿ ಬಣ್ಣದ ಕಂಟೇನರುಗಳ ಸಾಲು. ಹಡಗಿನಲ್ಲಿ ಸಾಮಾನು ತರುವ ಅದೇ ಕಬ್ಬಿಣದ ಪೆಟ್ಟಿಗೆಗೆ ಬಾಗಿಲು ಕಿಟಕಿ ಇಟ್ಟು ಕೋಣೆ ಮಾಡಿದ್ದು. ಒಳಗೆ ಹೀಟರ್. ಹೀಟರಿನ ಪಕ್ಕದ ಮಂಚದವನಿಗೆ ಬೆವರು, ಬಾಗಿಲ ಪಕ್ಕದವನಿಗೆ ನಡುಕ. ನನಗೆ ಸಿಕ್ಕಿದ್ದು ಬಾಗಿಲ ಪಕ್ಕ. ಕಾರ್ಕಳದಲ್ಲಿ ಡಿಸೆಂಬರಿನ ಬೆಳಿಗ್ಗೆ ಅಮ್ಮ ಮೈ ಒರೆಸುವ ಬೈರಾಸನ್ನು ಕಿವಿಗೆ ಸುತ್ತಿ, “ಎಂಥ ಚಳಿ!” ಎನ್ನುವುದನ್ನೇ ಚಳಿ ಎಂದುಕೊಂಡು ಬೆಳೆದವನು ನಾನು. ಇಲ್ಲಿ ಒಂದು ಬೆಳಿಗ್ಗೆ ಒದ್ದೆ ಕೈಯಲ್ಲಿ ಲಾರಿಯ ಬಾಗಿಲ ಹಿಡಿ ಹಿಡಿದೆ; ಕೈ ಅಲ್ಲಿಯೇ ಅಂಟಿಕೊಂಡಿತು. ಜೊತೆಗಾರ ಚಹಾ ಸುರಿದು ಬಿಡಿಸಿದ. ಚರ್ಮ ಸ್ವಲ್ಪ ಹೋಯಿತು. ಆದರೆ ನೋವಿಗಿಂತ ಹೆಚ್ಚಾಗಿ, ಇದು ಹೇಗೆ ಅಂಟಿತು ಎಂಬುದೇ ಆ ದಿನವೆಲ್ಲ ತಲೆಯಲ್ಲಿ.

ಅಲ್ಲಿಂದ ನಾನು ಶಾಲೆಯ ಮಕ್ಕಳ ಹಾಗೆ ಪರೀಕ್ಷೆ ಮಾಡಲು ಶುರು ಮಾಡಿದೆ. ತಟ್ಟೆಯಲ್ಲಿ ನೀರು ಇಟ್ಟು ಅದು ಅಂಚಿನಿಂದ ಗಟ್ಟಿಯಾಗುತ್ತದೋ ನಡುವಿನಿಂದಲೋ ಎಂದು ಕುಳಿತು ನೋಡಿದೆ. ಒಗೆದ ಬೈರಾಸನ್ನು ಹಗ್ಗಕ್ಕೆ ಹಾಕಿದರೆ ಅದು ಹಲಗೆಯಾಯಿತು. ತೆಗೆದು ಗೋಡೆಗೆ ಒರಗಿಸಿದರೆ ತಾನಾಗಿ ನಿಂತಿತು. ಅದರ ಫೋಟೋ ತೆಗೆದು ಹೆಂಡತಿಗೆ ಕಳುಹಿಸಿದೆ.

ಅವಳು ಆ ವರ್ಷ ಶಂಕರಪುರದ ತವರಿನಲ್ಲಿದ್ದಳು. ಬೆಳಿಗ್ಗೆ ಬೇಗ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ, ಮಾರುವವರ ಕೈಗೆ ಕಳುಹಿಸಿದ ಮೇಲೆ ಅವಳಿಗೆ ಬಿಡುವು. ಆ ಹೊತ್ತಿಗೆ ನನಗೆ ಬೆಳಗಾಗುತ್ತಿತ್ತು. ಫೋಟೋ ನೋಡಿ ಫೋನ್ ಮಾಡಿದಳು.

“ಬೈರಾಸಿಗೆ ಗಂಜಿ ಹಾಕಿದ್ದು ಯಾಕೆ?”

“ಗಂಜಿ ಅಲ್ಲ ಮಾರಾಯ್ತಿ, ಚಳಿ.”

“ಇಲ್ಲಿಯೂ ಚಳಿಯೇ. ಮೊಗ್ಗೇ ಇಲ್ಲ.” ಆಮೇಲೆ ಕೇಳಿದಳು, “ಹಿಮ ಬೀಳುವಾಗ ಸದ್ದು ಹೇಗೆ ಬರ್ತದೆ?”

“ಸದ್ದೇ ಇಲ್ಲ.”

“ಮೇಲಿನಿಂದ ಬೀಳುವುದು ಸದ್ದಿಲ್ಲದೆ ಬೀಳ್ತದಾ? ನೀವು ಸರಿಯಾಗಿ ಕೇಳಿಲ್ಲ.”

ಆ ಸಂಜೆ ಹಿಮ ಬೀಳುವಾಗ ಹೊರಗೆ ಹೋಗಿ, ಟೊಪ್ಪಿ ಸರಿಸಿ, ಕಿವಿ ಕೊಟ್ಟು ನಿಂತೆ. ನನ್ನ ಜಾಕೆಟ್ಟಿನ ಹೆಗಲ ಮೇಲೆ, ಅಕ್ಕಿಹಿಟ್ಟು ಜರಡಿ ಹಿಡಿಯುವ ಹಾಗೆ ಒಂದು ಸಣ್ಣ ಸದ್ದು ಇತ್ತು. ಅವಳು ಹೇಳಿದ್ದೇ ಸರಿ. ಮರುದಿನ ಒಪ್ಪಿಕೊಂಡೆ. “ನೋಡಿ!” ಎಂದಳು, ತಾನೇ ಅಲ್ಲಿ ನಿಂತು ಕೇಳಿದವಳ ಹಾಗೆ.

ಬೆಟ್ಟದ ಮೇಲಿನ ಪೋಸ್ಟುಗಳಿಗೆ ವಾರಕ್ಕೊಮ್ಮೆ ಸಾಮಾನು ಒಯ್ಯಬೇಕಿತ್ತು. ಎಲ್ಲಕ್ಕಿಂತ ಮೇಲಿನ ಪೋಸ್ಟಿನಲ್ಲಿ ಫಿಜಿ ದ್ವೀಪದ ಸೈನಿಕರಿದ್ದರು. ಮಧ್ಯ ಚಳಿಗಾಲದ ಒಂದು ದಿನ ಎರಡು ಗಾಡಿಗಳಲ್ಲಿ ಹೊರಟೆವು. ಮುಂದಿನದ್ದರಲ್ಲಿ ನಮ್ಮ ಅಧಿಕಾರಿ, ಹಿಂದಿನ ಲಾರಿಯಲ್ಲಿ ನಾನು. ಚಕ್ರಗಳಿಗೆ ಸರಪಳಿ ಕಟ್ಟಿದ್ದೆ. ಆದರೂ ಪೋಸ್ಟಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರದ ಕೊನೆಯ ತಿರುವಿನಲ್ಲಿ ಲಾರಿಯ ಹಿಂಭಾಗ ಮೆಲ್ಲನೆ, ಬಹಳ ಮೆಲ್ಲನೆ ಅಡ್ಡ ಸರಿಯಿತು. ಬ್ರೇಕು, ಗೇರು, ದೇವರು ಯಾವುದೂ ಕೆಲಸ ಮಾಡಲಿಲ್ಲ. ಹಿಂದಿನ ಎರಡೂ ಚಕ್ರ ರಸ್ತೆ ಬದಿಯ ಹೊಂಡದಲ್ಲಿ ಕೂತವು.

ಮೇಲಿನಿಂದ ಫಿಜಿಯವರು ಓಡಿ ಬಂದರು. ಒಬ್ಬೊಬ್ಬರೂ ಬಾಗಿಲಿನಷ್ಟು ಅಗಲ. ಸಾಲಾಗಿ ನಿಂತು, ಹಾಡುತ್ತಾ, ಆಲೂಗಡ್ಡೆ, ಈರುಳ್ಳಿ, ಬ್ರೆಡ್ಡು, ನೀರಿನ ಕ್ಯಾನುಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ಒಯ್ದರು. ಲಾರಿಯನ್ನು ಮಾತ್ರ ಅಲುಗಿಸಲಾಗಲಿಲ್ಲ. ಅಧಿಕಾರಿ, “ಗಾಡಿ ಬಿಟ್ಟು ಬರಬೇಡ. ನಾಳೆ ಎಳೆಯುವ ಗಾಡಿ ಕಳುಹಿಸುತ್ತೇನೆ” ಎಂದು ಹೇಳಿ ಕತ್ತಲಾಗುವ ಮೊದಲು ಇಳಿದುಹೋದರು.

ಮರುದಿನ ಹಿಮಗಾಳಿ. ಅದರ ಮರುದಿನ ಕೆಳಗಿನ ರಸ್ತೆಯ ಹತ್ತಿರ ಎರಡು ಗುಂಪುಗಳ ನಡುವೆ ಗುಂಡಿನ ಕಾಳಗ ಶುರುವಾಗಿ, ರಸ್ತೆ ಮುಚ್ಚಿತು. ಹಾಗೆ ನಾನು ಆ ಪೋಸ್ಟಿನಲ್ಲಿ ಒಂದು ವಾರಕ್ಕೂ ಹೆಚ್ಚು ಉಳಿದುಕೊಂಡೆ.

ಅಲ್ಲಿನ ಮುಖ್ಯಸ್ಥ ಒಬ್ಬ ಸಾರ್ಜೆಂಟ್. ನನಗಿಂತ ಹಿರಿಯ, ತಲೆ ಬೋಳು, ಕೈಗಳು ಹಲಸಿನ ಕಾಯಿಯ ಹಾಗೆ. ನಾನು ಕಲಿತ ಮುರುಕು ಇಂಗ್ಲಿಷಿನಲ್ಲಿ, ಮಲಗಲು ಜಾಗ ಎಲ್ಲಿ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ನಕ್ಕು, ಹೇಗಿದ್ದೀಯಾ ಎಂಬ ಅರ್ಥದಲ್ಲಿ “ಕೈಸೆ?” ಎಂದ.

ನಾನು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

ಅವನಿಗೆ ಹಿಂದಿ ಬರುತ್ತಿತ್ತು. ನಮ್ಮ ಸೈನ್ಯದ ಹಿಂದಿಯಲ್ಲ, ಇನ್ನೊಂದು ಬಗೆಯದು, ಹಳೆಯ ಕಾಲದ ಹಳ್ಳಿಯದು. ಎಷ್ಟೋ ತಲೆಮಾರು ಹಿಂದೆ ಕಬ್ಬಿನ ಗದ್ದೆಗಳ ಕೂಲಿಗೆಂದು ಹಡಗಿನಲ್ಲಿ ಫಿಜಿಗೆ ಸಾಗಿಸಲ್ಪಟ್ಟ ಭಾರತೀಯರ ವಂಶದವರು ಅವನ ನೆರೆಮನೆಯವರಂತೆ. ಅವರ ಅಡುಗೆಮನೆಯಲ್ಲಿ ತಿಂದು ಬೆಳೆದವನು ಅವನು. “ಅವರ ಅಜ್ಜಿ ನಮಗೆಲ್ಲ ಬಯ್ಯುತ್ತಿದ್ದಳು. ಮೊದಲು ಕಲಿತದ್ದು ಬೈಗುಳ, ಆಮೇಲೆ ಉಳಿದದ್ದು” ಎಂದ. ನನ್ನ ಹಿಂದಿಯಾದರೋ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪರೇಡ್ ಮೈದಾನದಲ್ಲಿ ಕಲಿತದ್ದು. ಅದರ ಮೇಲೆ ತುಳುವಿನ ರಾಗ. ನನಗೆ ಅರ್ಥವಾಗದಿದ್ದರೆ ಗಾಬರಿಯಲ್ಲಿ “ಎಂತ?” ಎಂದು ಬಾಯಿಗೆ ಬರುತ್ತಿತ್ತು. ಅವನಿಗೆ ಅರ್ಥವಾಗದಿದ್ದರೆ “ಕೌನ್ಚಿ?” ಎನ್ನುತ್ತಿದ್ದ. ಅವನ ಹಿಂದಿಯಲ್ಲಿ ‘ಏನು’ ಎಂಬುದಕ್ಕೆ ಅದೇ ಮಾತು. ಮೊದಲ ದಿನ ನಮ್ಮ ಮಾತುಕತೆಯ ಅರ್ಧ ಭಾಗ ಬರೀ “ಎಂತ?” ಮತ್ತು “ಕೌನ್ಚಿ?”. ಎರಡನೆಯ ದಿನದಿಂದ ಅವನು “ಎಂತ?” ಎನ್ನತೊಡಗಿದ, ನಾನು “ಕೌನ್ಚಿ?”.

ಪೋಸ್ಟಿನ ದಿನಚರಿ ಹೀಗೆ. ಬೆಳಗಾದರೆ ಸಲಿಕೆಯಿಂದ ಹಿಮ ತೆಗೆದು ದಾರಿ ಮಾಡಬೇಕು. ನೀರಿನ ಕೊಳವೆ ಕಟ್ಟಿಹೋಗಿರುತ್ತಿತ್ತು. ಹಿಮವನ್ನೇ ದೊಡ್ಡ ಪಾತ್ರೆಗೆ ತುಂಬಿ ಒಲೆ ಮೇಲೆ ಇಡಬೇಕು. ಒಂದು ಪಾತ್ರೆ ಹಿಮ ಕರಗಿದರೆ ಸಿಗುವುದು ತಳದಲ್ಲಿ ಒಂದಿಷ್ಟು ನೀರು. ನನಗದು ಮೋಸ ಅನಿಸುತ್ತಿತ್ತು. ಮರಳಿನ ಚೀಲಗಳು ಕಲ್ಲಾಗಿದ್ದವು. ಬೂಟುಗಳನ್ನು ಒಲೆಯ ಸುತ್ತ ದನಗಳ ಹಾಗೆ ಮುಖ ಒಳಗೆ ಮಾಡಿ ನಿಲ್ಲಿಸುತ್ತಿದ್ದೆವು. ಪಾಳಿಯಲ್ಲಿ ಕಾವಲು. ನಾನು ಚಾಲಕನಾದ್ದರಿಂದ ಕಾವಲಿಗೆ ನನ್ನನ್ನು ಹಾಕಲಿಲ್ಲ. ಆದರೂ ಸುಮ್ಮನೆ ಕೂರಲಾರದೆ ಕಾವಲುಗಾರನ ಪಕ್ಕ ಹೋಗಿ ನಿಲ್ಲುತ್ತಿದ್ದೆ.

ಸಂಜೆ ಊಟದ ಮೊದಲು ಅವರೆಲ್ಲ ಒಂದು ಕಂಟೇನರಿನಲ್ಲಿ ನೆಲದ ಮೇಲೆ ಕೂತು ಪ್ರಾರ್ಥನೆಯ ಹಾಡು ಹಾಡುತ್ತಿದ್ದರು. ಒಬ್ಬ ಮೇಲಿನ ಸ್ವರ, ಒಬ್ಬ ಕೆಳಗಿನದು, ಇನ್ನೊಬ್ಬ ಎಲ್ಲಿಯೋ ನಡುವೆ. ಕಬ್ಬಿಣದ ಗೋಡೆ ಗುಂಯ್ ಎನ್ನುತ್ತಿತ್ತು. ಆಮೇಲೆ ಒಂದು ಬೇರಿನ ಪುಡಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಹಿಂಡಿ, ಸರದಿಯಲ್ಲಿ ಕುಡಿಯುತ್ತಿದ್ದರು. ಅದು ಅವರ ದ್ವೀಪದ ಮರ್ಯಾದೆ. ನನ್ನ ಸರದಿ ಬಂದಾಗ ಸಾರ್ಜೆಂಟ್ ನನ್ನ ಕೈಗೆ ಕೊಟ್ಟದ್ದನ್ನು ನೋಡಿ ನಾನು ಕುಡಿಯುವುದನ್ನೇ ಮರೆತೆ. ಅದು ತೆಂಗಿನ ಗೆರಟೆ, ಕಾಯಿಯ ಚಿಪ್ಪು! ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ ಅರ್ಧ ಗೆರಟೆ. ಸುತ್ತ ಹಿಮ, ಕೆಳಗೆ ಕಣಿವೆಯಲ್ಲಿ ಯಾರದೋ ಯುದ್ಧ, ನನ್ನ ಕೈಯಲ್ಲಿ ನಮ್ಮ ಮನೆಯ ಹಂಡೆಯ ಒಲೆಗೆ ಹಾಕುವ ಸಾಮಾನು.

“ಕುಡಿ” ಎಂದ ಸಾರ್ಜೆಂಟ್. ಕುಡಿದೆ. ಆಟಿ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಸುತ್ತಾರಲ್ಲ, ಅದಕ್ಕೆ ಸ್ವಲ್ಪ ಕೆಸರು ಸೇರಿಸಿದ ರುಚಿ. ನಾಲಿಗೆ ಜುಮ್ಮೆಂದು ಮರಗಟ್ಟಿತು.

“ಹೇಗಿದೆ?”

“ನಮ್ಮಲ್ಲಿ ಇದನ್ನು ವರ್ಷಕ್ಕೆ ಒಂದೇ ದಿನ ಕುಡಿಯುವುದು” ಎಂದೆ. ಅವನು ಅದನ್ನು ತನ್ನವರಿಗೆ ಅನುವಾದಿಸಿ ಹೇಳಿದ. ಅವರೆಲ್ಲ ತೊಡೆ ತಟ್ಟಿ ನಕ್ಕರು.

ತೆಂಗಿನ ಬಗ್ಗೆ ನಾವಿಬ್ಬರೂ ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಅವನು ಮರ ಹತ್ತುವ ಬಗೆ, ನಮ್ಮವರು ಹತ್ತುವ ಬಗೆ. ಅವನ ಹೆಂಡತಿ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾಳಂತೆ. ನನ್ನವಳು ಅದೇ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ ಪತ್ರೊಡೆ ಮಾಡುತ್ತಾಳೆ ಎಂದಾಗ, “ಗಂಟಲು ತುರಿಸುವುದಿಲ್ಲವಾ?” ಎಂದು ತಕ್ಷಣ ಕೇಳಿದ. “ಹುಳಿ ಹಾಕ್ತೇವೆ” ಎಂದೆ. ಅವನು ಬಹಳ ಹೊತ್ತು ಯೋಚಿಸಿ ತಲೆ ಆಡಿಸಿದ.

ಪೋಸ್ಟಿನಿಂದ ಕಣಿವೆ ಪೂರ್ತಿ ಕಾಣುತ್ತಿತ್ತು. ನೇರ ಕೆಳಗೆ ಒಂದು ಸಣ್ಣ ಹಳ್ಳಿ, ಅದರಾಚೆ ದೂರದಲ್ಲಿ ಒಂದು ಪೇಟೆ. ದುರ್ಬೀನಿನಲ್ಲಿ ನೋಡುವುದೇ ಅವರ ಕೆಲಸವಾದ್ದರಿಂದ ನನಗೂ ಆಗಾಗ ಸಿಗುತ್ತಿತ್ತು. ಕಾಳಗ ಇಲ್ಲದ ಹೊತ್ತಿನಲ್ಲಿ ಜನ ಕಾಣುತ್ತಿದ್ದರು, ಇರುವೆಗಳಷ್ಟು ಸಣ್ಣಗೆ. ಯಾರೋ ಚಾವಣಿಯ ಹಿಮ ತಳ್ಳುತ್ತಾರೆ. ಯಾರೋ ಕತ್ತೆಯ ಮೇಲೆ ಸೌದೆ ಹೇರುತ್ತಾರೆ. ಯುದ್ಧ ಎಂದರೆ ಎಲ್ಲರೂ ಯುದ್ಧವನ್ನೇ ಮಾಡುತ್ತಿರುತ್ತಾರೆ ಎಂಬ ನನ್ನ ಎಣಿಕೆ ಅಲ್ಲಿ ಸುಳ್ಳಾಯಿತು. ಹೆಚ್ಚಿನವರು ಹಿಮವನ್ನೇ ತಳ್ಳುತ್ತಿದ್ದರು.

ಅಲ್ಲಿ ಒಂದು ಸದ್ದಿತ್ತು. ಬಿಸಿಲೇರಿದ ಮೇಲೆ ಹಳ್ಳಿಯ ಕಡೆಯಿಂದ ಟಣ್, ಟಣ್ ಟಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ಹೊಡೆಯುವ ಸದ್ದು. ಸ್ವಲ್ಪ ಹೊತ್ತು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಹಾಗೆಯೇ ನಿಂತುಹೋಗುತ್ತಿತ್ತು. ಫಿಜಿಯ ಸೈನಿಕರಲ್ಲಿ ಒಬ್ಬ, ಅದು ಒಂದು ಗುಂಪು ಇನ್ನೊಂದಕ್ಕೆ ಕೊಡುವ ಸಂಕೇತ ಎಂದ. ಇನ್ನೊಬ್ಬ, ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುವುದು ಎಂದ. ನಾನು ಕಮ್ಮಾರನ ಸದ್ದು ಎಂದೆ. “ಕಮ್ಮಾರ ತಿದಿ ಹೊತ್ತುಕೊಂಡು ಊರು ಸುತ್ತುತ್ತಾನಾ?” ಎಂದು ಸಾರ್ಜೆಂಟ್ ಕೇಳಿದ. ದುರ್ಬೀನಿಗೂ ಸಿಗದ ಸದ್ದು ಅದು.

ಗಾಳಿ ನಿಂತು, ಬಿಸಿಲು ಬಂದ ಒಂದು ಬೆಳಿಗ್ಗೆ ಕಾವಲುಗಾರ ಕೂಗಿದ. ಕೆಳಗಿನಿಂದ ಒಂದು ಹಳೆಯ ಕೆಂಪು ಟ್ರಾಕ್ಟರ್ ಕಪ್ಪು ಹೊಗೆ ಬಿಡುತ್ತಾ ಹತ್ತಿ ಬರುತ್ತಿತ್ತು. ಎಂಜಿನ್ನಿನ ಮೇಲೆ ಹೂವಿನ ಚಿತ್ರದ ಹಳೆಯ ರಜಾಯಿ ಹೊದಿಸಿತ್ತು. ಓಡಿಸುತ್ತಿದ್ದವನು ನಡುವಯಸ್ಸಿನ ದಪ್ಪ ಮೀಸೆಯವನು. ನಮ್ಮ ತಡೆಗಂಬದಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸಿ ಇಳಿದ. ಕೇಳುವ ಮೊದಲೇ ಜಾಕೆಟ್ ಎತ್ತಿ, ಒಂದು ಸುತ್ತು ತಿರುಗಿ, ಆಯುಧ ಇಲ್ಲ ಎಂದು ತೋರಿಸಿದ. ಎಷ್ಟೋ ಕಡೆ ಎಷ್ಟೋ ಸಲ ಮಾಡಿ ರೂಢಿಯಾದವನ ಹಾಗಿತ್ತು ಆ ಸುತ್ತು. ಎಂಜಿನ್ ಮಾತ್ರ ಆರಿಸಲಿಲ್ಲ.

ಸಾರ್ಜೆಂಟ್ ಮತ್ತು ನಾನು ತಡೆಗಂಬದವರೆಗೆ ಹೋದೆವು. ಅವನು ಸಾರ್ಜೆಂಟನನ್ನು ನೋಡಿದ, ಆಮೇಲೆ ನನ್ನನ್ನು, ನನ್ನ ತೋಳಿನ ಮೇಲಿದ್ದ ನಮ್ಮ ಬಾವುಟವನ್ನು. ಹೊಂಡದಲ್ಲಿದ್ದ ಲಾರಿ ತೋರಿಸಿ ಹಿಂದಿಯಲ್ಲಿ ಕೇಳಿದ, “ಗಾಡಿ ಖರಾಬ್?”

ನಾನೂ ಸಾರ್ಜೆಂಟನೂ ಒಟ್ಟಿಗೆ ಬಾಯಿ ತೆರೆದೆವು. ಅವನು “ಕೌನ್ಚಿ?” ಎಂದ, ನಾನು “ಎಂತ?” ಎಂದೆ. ಬಂದವನಿಗೆ ಎರಡೂ ತಿಳಿಯದೆ, “ಶೂ?” ಎಂದ. ಅವರ ಭಾಷೆಯಲ್ಲಿ ‘ಏನು’ ಎಂಬುದಕ್ಕೆ ಹಾಗೆ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು.

ಯುದ್ಧಕ್ಕೆ ಮೊದಲು ಅವನು ಹಲವು ವರ್ಷ ಕುವೈತಿನಲ್ಲಿ ಕ್ರೇನ್ ಓಡಿಸಿದ್ದನಂತೆ. ಕಾರ್ಮಿಕರ ವಸತಿಯಲ್ಲಿ ಅವನ ಕೋಣೆಯವರೆಲ್ಲ ಭಾರತ, ಪಾಕಿಸ್ತಾನ, ಬಾಂಗ್ಲಾದವರು. ನನ್ನ ಅಣ್ಣನೂ ಗಲ್ಫಿನಲ್ಲಿದ್ದವನು. ಅವನೂ ಆಡುತ್ತಿದ್ದದ್ದು ಇದೇ ಹಿಂದಿ. ಕ್ರಿಯಾಪದಕ್ಕೆ ಕೈಕಾಲು ಇರುವುದಿಲ್ಲ, ಆದರೆ ಕೆಲಸ ನಡೆಯುತ್ತದೆ. ನಾನು ನನ್ನ ಊರು ಮಂಗಳೂರಿನ ಹತ್ತಿರ ಎಂದದ್ದೇ ತಡ, ಅವನ ಮುಖ ಅರಳಿತು.

“ಮಂಗ್ಳೂರ್! ನನ್ನ ಮಂಚದ ಮೇಲಿನ ಮಂಚದವನು ಮಂಗ್ಳೂರ್!” ಎಂದು ಕೂಗಿ, ಎದೆ ಮುಟ್ಟಿಕೊಂಡು, ಸ್ಪಷ್ಟವಾಗಿ ಕೇಳಿದ, “ವಣಸ್ ಆಂಡಾ?”

ತುಳುವಿನಲ್ಲಿ ‘ಊಟ ಆಯ್ತಾ’ ಎಂದು. ನನ್ನ ಹೆಂಡತಿ ಫೋನಿನಲ್ಲಿ ಪ್ರತಿದಿನ ಕೇಳುವ ಮಾತು. ಅಲ್ಲಿ ಅದನ್ನು ಕೇಳಿ ನನಗೆ ಏನಾಯಿತೆಂದು ಹೇಳುವುದು ಕಷ್ಟ. ನಗುತ್ತಲೇ “ಆಂಡ್” ಎಂದೆ. ಅವನಿಗೆ ತುಳುವಿನಲ್ಲಿ ಇನ್ನೊಂದು ವಾಕ್ಯವೂ ಬರುತ್ತಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲಾರಿಯನ್ನು ಎಳೆದು ಕೊಡುತ್ತೇನೆ ಎಂದ. ಆದರೆ ಸಾರ್ಜೆಂಟನಿಗೆ ಹಾಗೆಲ್ಲ ಒಪ್ಪಲು ಬರುವುದಿಲ್ಲ. ವಯರ್‌ಲೆಸ್ಸಿನಲ್ಲಿ ಕೇಳಿದ. ಕಾಯಿರಿ ಎಂದು ಮೇಲಧಿಕಾರಿಗಳ ಉತ್ತರ. ಕಾಯುವಾಗ ಸಾರ್ಜೆಂಟ್ ಚಹಾ ತರಿಸಿದ. ಆ ಮನುಷ್ಯ ಒಂದು ಗುಟುಕು ಕುಡಿದು ಮುಖ ಹಿಂಡಿದ.

“ಸಕ್ಕರೆ ಇಲ್ಲವಾ?”

“ಹಾಕಿದೆ.”

“ಇದು ಹಾಕಿದ್ದಾ?” ಎಂದು ನಕ್ಕ. ಸಕ್ಕರೆಯ ಡಬ್ಬ ತಂದಾಗ ಅವನು ಹಾಕಿಕೊಂಡದ್ದನ್ನು ನೋಡಿ ನಾನೂ ಸಾರ್ಜೆಂಟನೂ ಮುಖ ಮುಖ ನೋಡಿಕೊಂಡೆವು. ಅವನ ಹಳ್ಳಿಯಲ್ಲಿ ಸಕ್ಕರೆ ಸಿಗದೆ ಬಹಳ ಕಾಲವಾಗಿತ್ತಂತೆ.

“ಎಂಜಿನ್ ಆರಿಸಬಾರದಾ?” ಎಂದು ಕೇಳಿದೆ. ಚಾಲಕನಿಗೆ ಇನ್ನೊಬ್ಬನ ಗಾಡಿ ಸುಮ್ಮನೆ ಓಡುತ್ತಿದ್ದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

“ಆರಿಸಿದರೆ ಮತ್ತೆ ಹತ್ತುವುದು ವಸಂತದಲ್ಲಿ” ಎಂದ. ಒಳ್ಳೆಯ ಡೀಸೆಲ್ ಸಿಗುತ್ತಿರಲಿಲ್ಲ. ಕಚ್ಚಾ ಎಣ್ಣೆಯನ್ನು ಹಳ್ಳಿಗಳಲ್ಲಿ ಪೀಪಾಯಿಯಲ್ಲಿ ಕಾಯಿಸಿ ಇಳಿಸಿದ್ದನ್ನೇ ಹಾಕುತ್ತಿದ್ದರು. ಚಳಿಗೆ ಅದು ಮೇಣದ ಹಾಗೆ ಗಟ್ಟಿಯಾಗುತ್ತಿತ್ತು. ಮನೆಯಲ್ಲಿ ರಾತ್ರಿ ರಜಾಯಿ ಮಕ್ಕಳಿಗೆ, ಹಗಲು ಟ್ರಾಕ್ಟರಿಗೆ.

ಆಗ ನಾನು ಆ ಸದ್ದಿನ ಬಗ್ಗೆ ಕೇಳಿದೆ. ಚಮಚದಿಂದ ಲೋಟಕ್ಕೆ ಟಣ್, ಟಣ್ ಟಣ್ ಎಂದು ಹೊಡೆದು ತೋರಿಸಿದೆ. ಕಾವಲುಗಾರನೂ ಕಿವಿ ಈ ಕಡೆ ತಿರುಗಿಸಿದ. ಆ ಮನುಷ್ಯ ನಮ್ಮ ಮೂವರ ಗಂಭೀರ ಮುಖ ನೋಡಿ ಮೊದಲು ಹೆದರಿದ ಹಾಗಿತ್ತು. ಆಮೇಲೆ ಅರ್ಥವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಗ್ಯಾಸ್! ಸಿಲಿಂಡರ್! ಗ್ಯಾಸಿನವನು!”

ಸಿಲಿಂಡರ್ ಮಾರುವವನು ಗಾಡಿಯಲ್ಲಿ ಊರು ಸುತ್ತುತ್ತಾ ಸ್ಪ್ಯಾನರಿನಿಂದ ಸಿಲಿಂಡರಿಗೆ ಹೊಡೆದು ಜನರನ್ನು ಕರೆಯುವುದು ಅದು. ಯುದ್ಧಕ್ಕೆ ಮೊದಲೂ ಹಾಗೆಯೇ, ಈಗಲೂ ಹಾಗೆಯೇ. ಈಗ ಅವನ ಹತ್ತಿರ ಹೆಚ್ಚಾಗಿ ತುಂಬಿದ ಸಿಲಿಂಡರ್ ಇರುವುದಿಲ್ಲ. ಆದರೂ ಹೊಡೆದುಕೊಂಡು ಬರುತ್ತಾನಂತೆ. “ಇಲ್ಲ ಎಂದು ಹೇಳಲು ಬರ್ತಾನೆ” ಎಂದ ಆ ಮನುಷ್ಯ.

ಆ ಸಲಿಗೆಯಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿಬಿಟ್ಟೆ. “ನೀವು ಯಾವ ಕಡೆಯವರು?”

ಸಾರ್ಜೆಂಟ್ ಥಟ್ಟನೆ ನನ್ನ ಕಡೆ ತಿರುಗಿದ. ನಮಗೆ ಅಲ್ಲಿ ಕಲಿಸಿದ್ದ ಮೊದಲ ಪಾಠವೇ ಅದು, ಹಾಗೆ ಕೇಳಬಾರದು. ಆ ಮನುಷ್ಯ ಸಿಟ್ಟಾಗಲಿಲ್ಲ. ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ನೆಕ್ಕಿದ.

“ಬೆಳಿಗ್ಗೆ ಇವರು ಬರ್ತಾರೆ, ನೀರಿನ ಟ್ಯಾಂಕರ್ ಎಳೆದು ಕೊಡು ಅಂತಾರೆ. ಸಂಜೆ ಅವರು ಬರ್ತಾರೆ, ನಮ್ಮ ಗಾಡಿ ಎಳೆದು ಕೊಡು ಅಂತಾರೆ. ಇಲ್ಲ ಎಂದರೆ ಟ್ರಾಕ್ಟರ್ ಹೋಗ್ತದೆ. ಇವತ್ತು ನೀವು” ಎಂದ.

ಸಾರ್ಜೆಂಟ್ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದ. ಆಚೆ ಟ್ರಾಕ್ಟರ್ ಡುಗು ಡುಗು ಎನ್ನುತ್ತಿತ್ತು.

ಕೊನೆಗೆ ವಯರ್‌ಲೆಸ್ಸಿನಲ್ಲಿ, ಲಾರಿ ಪೋಸ್ಟಿನ ಹೊರಗೆ ಇರುವುದರಿಂದ ನಿಮಗೆ ಸರಿ ಕಂಡ ಹಾಗೆ ಮಾಡಿ ಎಂಬ ಉತ್ತರ ಬಂತು. ಫಿಜಿಯವರು ಹೊಂಡದ ಹಿಮ ಅಗೆದು ಕಲ್ಲು ಹಾಕಿದರು. ಸರಪಳಿ ಕಟ್ಟಿದೆವು. ನಾನು ಸ್ಟೇರಿಂಗ್ ಹಿಡಿದೆ. ಅವನು ಒಂದೇ ಸಲಕ್ಕೆ ಎಳೆಯಲಿಲ್ಲ. ಸರಪಳಿ ಬಿಗಿಯಾಗುವವರೆಗೆ ಮೆಲ್ಲ ಹೋಗಿ, ನಿಂತು, ಹಿಂದೆ ತಿರುಗಿ ನನ್ನ ಕಣ್ಣು ನೋಡಿ ತಲೆ ಆಡಿಸಿ, ಆಮೇಲೆ ಎಳೆದ. ನೇಜಿ ನೆಡುವ ಗದ್ದೆಯಿಂದ ಕಾಲು ಕಿತ್ತ ಹಾಗೆ ‘ಪಚಕ್’ ಎಂದು ಲಾರಿ ಮೇಲೆ ಬಂತು. ಎಲ್ಲರೂ ಕೂಗಿದರು. ಅವನಿಗೆ ಏನು ಬೇಕು ಎಂದು ಸಾರ್ಜೆಂಟ್ ಕೇಳಿದ. ಸಕ್ಕರೆ ಎಂದ. ಪೋಸ್ಟಿನ ಸಕ್ಕರೆಯಲ್ಲಿ ದೊಡ್ಡ ಪಾಲು ಆ ರಜಾಯಿಯ ಕೆಳಗೆ ಹೋಯಿತು. ನಾನು ಇಳಿದುಹೋದ ಮೇಲೂ ಆ ವಾರವಿಡೀ ಫಿಜಿಯವರು ಕಪ್ಪು ಚಹಾವನ್ನು ಹಾಗೆಯೇ ಕುಡಿದರು ಎಂದು ಆಮೇಲೆ ಕೇಳಿದೆ.

ರಸ್ತೆ ತೆರೆದ ದಿನ ನಾನು ಇಳಿದು ಬಂದೆ. ಆಮೇಲೂ ವಾರಕ್ಕೊಮ್ಮೆ ಹೋಗುವಾಗ ಆ ಕೆಂಪು ಟ್ರಾಕ್ಟರನ್ನು ಕೆಲವು ಸಲ ಕಂಡೆ. ಹಾರ್ನ್ ಹೊಡೆದರೆ ಕೈ ಎತ್ತುತ್ತಿದ್ದ. ಚಳಿಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಆ ಹಳ್ಳಿಯ ಮೇಲೆ ಶೆಲ್ಲುಗಳು ಬಿದ್ದವು. ಯಾರು ಹಾಕಿದ್ದು ಎಂದು ನಮಗೆ ಗೊತ್ತಾಗಲಿಲ್ಲ. ಮುಂದಿನ ವಾರ ಹೋದಾಗ ಹಳ್ಳಿಯ ಒಂದು ಮನೆಯ ಕೊಳವೆಯಿಂದಲೂ ಹೊಗೆ ಬರುತ್ತಿರಲಿಲ್ಲ, ಗ್ಯಾಸಿನವನ ಸದ್ದೂ ಇಲ್ಲ.

“ಅವನು?” ಎಂದು ಸಾರ್ಜೆಂಟನನ್ನು ಕೇಳಿದೆ.

“ಶೆಲ್ ಬೀಳುವ ಹಿಂದಿನ ದಿನ ಟ್ರಾಲಿ ಕಟ್ಟಿಕೊಂಡು ಒಂದು ಟ್ರಾಕ್ಟರ್ ಪೇಟೆಯ ಕಡೆ ಹೋದದ್ದನ್ನು ನಮ್ಮವನು ನೋಡಿದ್ದಾನೆ. ಕೆಂಪೋ ಅಲ್ಲವೋ, ದೂರಕ್ಕೆ ತಿಳಿಯಲಿಲ್ಲ” ಎಂದ. ಆಮೇಲೆ ತಾನೇ ಸೇರಿಸಿದ, “ಕೆಂಪೇ ಇರಬೇಕು.”

ನಮ್ಮ ಅವಧಿ ಮುಗಿದು ನಾವು ಬೇರೆಬೇರೆ ದಿಕ್ಕಿಗೆ ಹೋದೆವು. ಸಾರ್ಜೆಂಟನ ಹೆಂಡತಿಯೂ ನನ್ನವಳೂ ಈಗ ವಿಡಿಯೋ ಕರೆಯಲ್ಲಿ ಕೆಸುವಿನ ಎಲೆ ತೋರಿಸಿಕೊಳ್ಳುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಟ್ರಾಕ್ಟರಿನವನ ಸುದ್ದಿ ನನಗೂ ಸಾರ್ಜೆಂಟನಿಗೂ ಇಂದಿಗೂ ಗೊತ್ತಿಲ್ಲ.

ಸೈನ್ಯದಿಂದ ಬಂದ ಮೇಲೆ ನಾನು ಕಾಪುವಿನಲ್ಲಿ ಮನೆ ಮಾಡಿ, ಮಣಿಪಾಲದ ಒಂದು ಕಾಲೇಜಿನ ಬಸ್ಸು ಓಡಿಸುತ್ತಿದ್ದೇನೆ. ಹೋದ ವರ್ಷ ಬೇರೆ ದೇಶಗಳಿಂದ ಬಂದ ಹೊಸ ವಿದ್ಯಾರ್ಥಿಗಳನ್ನು ಕಾಪುವಿನ ಕಡಲ ತೀರಕ್ಕೆ ಕರೆದುಕೊಂಡು ಬಂದಿದ್ದೆ. ಎಲ್ಲರೂ ದೀಪಸ್ತಂಭ ಹತ್ತಿದರು. ನಾನು ಕೆಳಗೆ ಬಂಡೆಯ ಮೇಲೆ ಕೂತಿದ್ದೆ. ಇಳಿದು ಬಂದವರಲ್ಲಿ ಒಬ್ಬ, ಗಡ್ಡ ಇನ್ನೂ ಸರಿಯಾಗಿ ಬಾರದ ತರುಣ, ನನ್ನ ಪಕ್ಕ ಕೂತು ಇಂಗ್ಲಿಷಿನಲ್ಲಿ, “ಮೇಲಿನಿಂದ ನಿಮ್ಮ ಊರು ಎಷ್ಟು ಚೆಂದ ಕಾಣ್ತದೆ” ಎಂದ. ಯಾವ ದೇಶ ಎಂದು ಕೇಳಿದೆ. ಸಿರಿಯಾ ಎಂದ. ಯಾವ ಊರು ಎಂದೆ. ನನಗೆ ಗೊತ್ತಿರಲಾರದು ಎಂಬ ಧಾಟಿಯಲ್ಲಿ ಹೆಸರು ಹೇಳಿದ.

ಅದು ನಾವು ಪೋಸ್ಟಿನಿಂದ ನೋಡುತ್ತಿದ್ದ ಆ ದೂರದ ಪೇಟೆ.

“ನೋಡಿದ್ದೇನೆ” ಎಂದೆ. ಅವನು ನಂಬಲಿಲ್ಲ. ನಡುವೆ ಒಂದು ನೀರಿನ ಟ್ಯಾಂಕ್, ಸ್ವಲ್ಪ ವಾಲಿದೆ. ಶಾಲೆಯ ಅಂಗಳ ಅರ್ಧಚಂದ್ರದ ಹಾಗೆ. ಹೊರಗೆ ಎತ್ತರದ ಮರಗಳ ಒಂದು ಸಾಲು, ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಆ ಚಳಿಗಾಲದಲ್ಲಿ ಅವನು ಅಲ್ಲಿಯೇ ಇದ್ದ, ಸಣ್ಣವನು. ಅದರ ಮರು ವರ್ಷ ಮನೆಯವರೆಲ್ಲ ದೇಶ ಬಿಟ್ಟರಂತೆ. ಬೆಟ್ಟ ಅವನಿಗೆ ಪ್ರತಿದಿನ ಕಾಣುತ್ತಿತ್ತು, ಆದರೆ ಅಲ್ಲಿಗೆ ಹೋಗಲು ಯಾರನ್ನೂ ಬಿಡುತ್ತಿರಲಿಲ್ಲ.

“ಅಲ್ಲಿಂದ ನಮ್ಮ ಊರು ಹೇಗೆ ಕಾಣುತ್ತಿತ್ತು?” ಎಂದು ಕೇಳಿದ.

ಅದನ್ನು ನನ್ನಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ. ನೆನಪಾದದ್ದನ್ನೆಲ್ಲ ಹೇಳಿದೆ. ಬೆಳಿಗ್ಗೆ ಹೊಗೆ ನೇರ ಮೇಲೇರಿ, ಒಂದು ಎತ್ತರದಲ್ಲಿ ಚಪ್ಪಟೆಯಾಗಿ ಊರಿಗೆಲ್ಲ ಚಾವಣಿ ಹಾಕಿದ ಹಾಗೆ ನಿಲ್ಲುತ್ತಿದ್ದದ್ದು. ಸದ್ದಿಲ್ಲದ ಒಂದು ದಿನ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಮಕ್ಕಳು ಯಾವುದೋ ತಗಡಿನ ಮೇಲೆ ಕೂತು ಜಾರುತ್ತಿದ್ದದ್ದು.

“ತಗಡಲ್ಲ, ಬೇಕರಿಯ ಟ್ರೇ!” ಎಂದ. “ಬೇಕರಿಯವನು ಅಟ್ಟಿಸಿಕೊಂಡು ಬರುತ್ತಿದ್ದ. ಅವನನ್ನು ನೋಡಿದಿರಾ?”

“ಇಲ್ಲ.”

“ನಮ್ಮ ಮನೆ? ಚಾವಣಿಯ ಮೇಲೆ ಎರಡು ಟ್ಯಾಂಕ್ ಇತ್ತು.”

“ಎಲ್ಲರ ಚಾವಣಿಯ ಮೇಲೂ ಎರಡೆರಡು ಟ್ಯಾಂಕ್ ಇತ್ತು ಮಾರಾಯ.”

ಅವನು ಜೋರಾಗಿ ನಕ್ಕ. ಉಳಿದವರು ಬಸ್ಸಿನ ಹತ್ತಿರ ಸೇರಿದ್ದರು. ವಾಪಸು ಹೋಗುವಾಗ ನನ್ನ ಹಿಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಬಾಗಿ, ಉಡುಪಿ ದಾಟುವವರೆಗೂ ಕೇಳುತ್ತಲೇ ಇದ್ದ: ಕಾಲುವೆ ಕಾಣುತ್ತಿತ್ತಾ, ಮರಗಳ ಸಾಲು ಆಗಲೂ ಪೂರ್ತಿ ಇತ್ತಾ, ರಾತ್ರಿ ಯಾವ ಕಡೆ ದೀಪ ಹೆಚ್ಚು. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಮಣಿಪಾಲದ ಏರು ಬಂತು. ಗೇರ್ ಇಳಿಸಿದೆ.